ಎರಡು ಗಿಟಾರ್ ಕೇಳುವಾಗ ಮೊದಲು ಹೆಬ್ಬೆರಳನ್ನು ಹಿಡಿಯಿರಿ

ಪ್ರಶ್ನೆ: ಬ್ರಿಟನ್ನಿನ ರಾಕ್ ತಂಡ ಡೈರ್ ಸ್ಟ್ರೇಟ್ಸ್‌ನ ಹಾಡುಗಳನ್ನು ಕೇಳಿಕೊಂಡೇ ಗಿಟಾರ್ ಕಲಿತವನು ನಾನು. ಆ ತಂಡದ ಗಿಟಾರಿಗ ಮಾರ್ಕ್ ನಾಫ್ಲರ್ ಮತ್ತು ಅಮೆರಿಕದ ಗಿಟಾರಿಗ ಚೆಟ್ ಆಟ್ಕಿನ್ಸ್ ಸೇರಿ ಮಾಡಿದ ‘ನೆಕ್ ಆಂಡ್ ನೆಕ್’ ಆಲ್ಬಮ್ಮನ್ನು ಹತ್ತು ಸಲವಾದರೂ ಕೇಳಿದ್ದೇನೆ. ಯಾವ ಗಿಟಾರ್ ಯಾರದ್ದು ಅಂತ ಅರ್ಧ ಕಡೆ ಗೊತ್ತಾಗುವುದಿಲ್ಲ. ಅದರಲ್ಲಿ ಜಾಜ್ ಕೂಡ ಇದೆ, ಆದರೂ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿ ಸಂಗೀತದ ಆಲ್ಬಮ್ ಅನ್ನುತ್ತಾರೆ, ಯಾಕೆ? ಅಷ್ಟು ದೊಡ್ಡ ಇಬ್ಬರು ಸೇರಿದರೂ ಪೈಪೋಟಿಯೇ ಇಲ್ಲ, ಸ್ವಲ್ಪ ಸಪ್ಪೆ ಅನಿಸಿತು. ಆದರೂ ನಾನು, ನನ್ನ ಗೆಳೆಯ ಇಬ್ಬರೂ ಸೇರಿ ಹಾಗೆ ನುಡಿಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವು ಕೇಳಿದ್ದು ನಾಲ್ಕು ಪ್ರಶ್ನೆ. ನಾಲ್ಕಕ್ಕೂ ಉತ್ತರ ಒಂದೇ ಜಾಗದಲ್ಲಿದೆ, ಬಲಗೈ ಹೆಬ್ಬೆರಳಿನಲ್ಲಿ. ಯಾರು ನುಡಿಸುತ್ತಿದ್ದಾರೆ ಅಂತ ಹೇಳುವುದೂ ಅದೇ, ಆಲ್ಬಮ್ಮನ್ನು ಕಂಟ್ರಿ ಮಾಡುವುದೂ ಅದೇ. ಸಪ್ಪೆ ಅನಿಸಿದ್ದಕ್ಕೂ ಕಾರಣ ಅಲ್ಲೇ ಇದೆ. ಸ್ವಲ್ಪ ಉದ್ದ ಆಗುತ್ತದೆ, ಗಿಟಾರ್ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ಇಬ್ಬರ ಹಿನ್ನೆಲೆ. ಆಲ್ಬಮ್ ಬಂದದ್ದು 1990ರ ಅಕ್ಟೋಬರ್‌ನಲ್ಲಿ, ಕೊಲಂಬಿಯಾ ಕಂಪನಿಯಿಂದ. ಆಗ ಚೆಟ್‌ಗೆ 66 ವರ್ಷ, ಮಾರ್ಕ್‌ಗೆ 41. ಚೆಟ್ ಹುಟ್ಟಿದ್ದು 1924ರಲ್ಲಿ, ಅಮೆರಿಕದ ಟೆನೆಸಿ ರಾಜ್ಯದ ಲಟ್ರೆಲ್ ಅನ್ನುವ ಸಣ್ಣ ಊರಿನಲ್ಲಿ. ಮಾರ್ಕ್ ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ಹುಟ್ಟಿ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಬೆಳೆದವರು. ಇಬ್ಬರ ಮಧ್ಯೆ 25 ವರ್ಷ ಮತ್ತು ಒಂದು ಸಾಗರ. ಆದರೆ 1990ರಲ್ಲಿ ಇದ್ದಕ್ಕಿದ್ದಂತೆ ಸೇರಿದವರಲ್ಲ. ಚೆಟ್ ಅವರ 1985ರ ‘ಸ್ಟೇ ಟ್ಯೂನ್ಡ್’ ಆಲ್ಬಮ್ಮಿಗೆ ಮಾರ್ಕ್ ಬಂದು ನುಡಿಸಿದ್ದರು, ಅದರಲ್ಲಿ ಇಬ್ಬರೂ ಸೇರಿ ನುಡಿಸಿದ ಒಂದು ತುಣುಕಿಗೆ ಗ್ರ್ಯಾಮಿ ಕೂಡ ಬಂತು. 1987ರಲ್ಲಿ ಲಂಡನ್ನಿನ ಒಂದು ಸಹಾಯಾರ್ಥ ಕಾರ್ಯಕ್ರಮದಲ್ಲಿ ಒಂದೇ ವೇದಿಕೆಯಲ್ಲಿ ನುಡಿಸಿದರು. ಅಂದರೆ ಆಲ್ಬಮ್ಮಿಗೆ ಕೂರುವ ಹೊತ್ತಿಗೆ ಒಬ್ಬರ ಕೈ ಇನ್ನೊಬ್ಬರಿಗೆ ಐದು ವರ್ಷದಿಂದ ಗೊತ್ತಿತ್ತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ‘ಸಪ್ಪೆ’ಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಹೆಬ್ಬೆರಳು.

ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮದಲ್ಲಿ ಮ್ಯೂಲೆನ್‌ಬರ್ಗ್ ಅಂತ ಒಂದು ಕೌಂಟಿ ಇದೆ, ಕಲ್ಲಿದ್ದಲಿನ ಗಣಿಗಳ ಜಾಗ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆ ಕಡೆ ಆರ್ನಾಲ್ಡ್ ಶುಲ್ಟ್ಜ್ ಅಂತ ಒಬ್ಬ ಕಪ್ಪು ಗಿಟಾರಿಗ ಓಡಾಡುತ್ತಿದ್ದರು. 1931ರಲ್ಲಿ ತೀರಿಕೊಂಡರು. ಅವರ ಒಂದೇ ಒಂದು ರೆಕಾರ್ಡ್ ಇಲ್ಲ. ಹೆಬ್ಬೆರಳಿನಲ್ಲಿ ದಪ್ಪ ತಂತಿಗಳ ಮೇಲೆ ತಾಳ ಹಿಡಿದು, ಉಳಿದ ಬೆರಳಲ್ಲಿ ತೆಳು ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುವ ಅವರ ರೀತಿ ಆ ಊರಿನ ಬಿಳಿ ಗಿಟಾರಿಗರ ಕೈಗೆ ಬಂತು. ಕೆನೆಡಿ ಜೋನ್ಸ್, ಆಮೇಲೆ ಮೋಸ್ ರೇಗರ್ ಮತ್ತು ಐಕ್ ಎವರ್ಲಿ. ಗಣಿ ಕೆಲಸಗಾರರ ಮನೆಗಳ ಮುಂದೆ ಕೂತು ನುಡಿಸುತ್ತಿದ್ದ ಇವರನ್ನು ನೋಡಿ ಕಲಿತ ಹುಡುಗ ಮರ್ಲ್ ಟ್ರಾವಿಸ್. ಈ ಶೈಲಿಗೆ ಇವತ್ತಿಗೂ ಜಗತ್ತೆಲ್ಲ ‘ಟ್ರಾವಿಸ್ ಪಿಕಿಂಗ್’ ಅನ್ನುತ್ತದೆ. ಶುಲ್ಟ್ಜ್ ಅವರ ಹೆಸರೂ ಅದರ ಜೊತೆ ಬರಬೇಕು ಅಂತ ನನಗೆ ಪ್ರತಿ ಸಲ ಅನಿಸುತ್ತದೆ, ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ.

1939ರ ಸುಮಾರಿಗೆ ಟ್ರಾವಿಸ್ ಸಿನ್ಸಿನಾಟಿಯ ರೇಡಿಯೊದಲ್ಲಿ ನುಡಿಸುತ್ತಿದ್ದರು. ಚೆಟ್ ಆಗ ಹದಿನೈದರ ಹುಡುಗ. ಆಸ್ತಮಾ ಇತ್ತು, ಅದಕ್ಕೆ ಜಾರ್ಜಿಯಾ ರಾಜ್ಯದಲ್ಲಿದ್ದ ಅಪ್ಪನ ಹತ್ತಿರ ಕಳಿಸಿದ್ದರು. ಒಂದು ರಾತ್ರಿ ರೇಡಿಯೊದಲ್ಲಿ ಟ್ರಾವಿಸ್ ಗಿಟಾರ್ ಕಿವಿಗೆ ಬಿತ್ತು. ತಾಳ ಒಂದು ಕಡೆ, ಧಾಟಿ ಒಂದು ಕಡೆ, ಎರಡೂ ಒಂದೇ ಗಿಟಾರಿನಿಂದ. ರೇಡಿಯೊದಲ್ಲಿ ಕೈ ಕಾಣುವುದಿಲ್ಲ ಅಲ್ವಾ? ಟ್ರಾವಿಸ್ ನುಡಿಸುತ್ತಿದ್ದದ್ದು ಹೆಬ್ಬೆರಳು ಮತ್ತು ತೋರುಬೆರಳು, ಎರಡರಲ್ಲೇ. ಇಷ್ಟೆಲ್ಲ ಸ್ವರ ಎರಡು ಬೆರಳಲ್ಲಿ ಬರುವುದಕ್ಕೆ ಸಾಧ್ಯವೇ ಇಲ್ಲ ಅಂದುಕೊಂಡ ಹುಡುಗ, ಹೆಬ್ಬೆರಳಿನ ಜೊತೆ ಇನ್ನೂ ಎರಡು ಮೂರು ಬೆರಳು ಸೇರಿಸಿ ಅಭ್ಯಾಸ ಮಾಡಿದ. ಅವನ ಊಹೆ ತಪ್ಪಾಗಿತ್ತು. ಆ ತಪ್ಪಿನಿಂದಲೇ ಚೆಟ್ ಆಟ್ಕಿನ್ಸ್ ಶೈಲಿ ಹುಟ್ಟಿತು. ಟ್ರಾವಿಸ್ ಕೈಯಲ್ಲಿ ಕುಣಿತ ಜಾಸ್ತಿ. ಚೆಟ್ ಕೈಗೆ ಬೆರಳು ಜಾಸ್ತಿ ಸಿಕ್ಕಿದ್ದರಿಂದ ನಯ ಬಂತು, ಕಷ್ಟದ ಕಾರ್ಡುಗಳು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬಂದವು, ಜಾಜ್ ಬಂತು.

ಈ ಹೆಬ್ಬೆರಳು ಮಾಡುವ ಕೆಲಸ ಏನು ಅಂತ ಹತ್ತಿರದಿಂದ ನೋಡೋಣ. ಗಿಟಾರ್ ತೆಗೆದುಕೊಳ್ಳಿ, ಸಿ ಕಾರ್ಡ್ ಹಿಡಿಯಿರಿ. ಐದನೇ ತಂತಿಯ ಮೂರನೇ ಮನೆಯಲ್ಲಿ (ಫ್ರೆಟ್) ನಿಮ್ಮ ಉಂಗುರದ ಬೆರಳಿದೆ, ನಾಲ್ಕನೇ ತಂತಿಯ ಎರಡನೇ ಮನೆಯಲ್ಲಿ ನಡುಬೆರಳು. ಬಲಗೈ ಹೆಬ್ಬೆರಳಿನಲ್ಲಿ ಐದನೇ ತಂತಿ, ನಾಲ್ಕನೇ ತಂತಿ, ಐದು, ನಾಲ್ಕು, ಹೀಗೆ ನಿಲ್ಲಿಸದೆ ಮೀಟಿ. ಈಗ ಅಂಗೈಯ ಅಂಚನ್ನು, ಕಿರುಬೆರಳಿನ ಕೆಳಗಿನ ಮೆತ್ತನೆ ಭಾಗವನ್ನು, ದಪ್ಪ ತಂತಿಗಳು ಬ್ರಿಡ್ಜ್‌ಗೆ (ಗಿಟಾರಿನ ಮೈಮೇಲೆ ತಂತಿ ಹೊರುವ ಪಟ್ಟಿ) ಸೇರುವ ಜಾಗದಲ್ಲಿ ಸುಮ್ನೆ ತಾಗಿಸಿ ಇಡಿ. ಒತ್ತಬೇಡಿ. ‘ಟಂಗ್ ಟಂಗ್’ ಅನ್ನುತ್ತಿದ್ದದ್ದು ‘ದುಬ್ ದುಬ್’ ಆಗುತ್ತದೆ. ದಪ್ಪ ತಂತಿಗಳು ಡೊಳ್ಳಿನ ಹಾಗೆ ಮಂದ ಆದವು, ತೆಳು ತಂತಿಗಳು ಮಾತ್ರ ಬಿಚ್ಚಿಕೊಂಡು ಮೊಳಗುತ್ತಿವೆ. ಆ ತೆಳು ತಂತಿಗಳ ಮೇಲೆ ಬೆರಳಲ್ಲಿ ಹಾಡು ನುಡಿಸಬೇಕು, ಹೆಬ್ಬೆರಳು ಮಾತ್ರ ಯಾವುದಕ್ಕೂ ನಿಲ್ಲಬಾರದು. ಚೆಟ್ ಹೆಬ್ಬೆರಳಿಗೆ ಉಂಗುರದ ಹಾಗೆ ತಂತಿ ಮೀಟುವ ಒಂದು ಪ್ಲಾಸ್ಟಿಕ್ ಪಿಕ್ ಹಾಕಿಕೊಳ್ಳುತ್ತಿದ್ದರು, ಅದರಿಂದ ಆ ‘ದುಬ್’ಗೆ ಒಂದು ಸಣ್ಣ ಮೊನೆ ಬರುತ್ತದೆ.

ವೀಣೆ ಹತ್ತಿರದಿಂದ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ವೀಣೆಯಲ್ಲಿ ನಾಲ್ಕು ತಂತಿ ರಾಗಕ್ಕೆ, ಪಕ್ಕದಲ್ಲಿ ಮೂರು ತಂತಿ ತಾಳಕ್ಕೆ. ತೋರುಬೆರಳು, ನಡುಬೆರಳು ರಾಗ ನುಡಿಸುತ್ತಿರುವಾಗ ಕಿರುಬೆರಳು ತಾಳದ ತಂತಿ ಮೀಟುತ್ತದೆ. ಕೆಲಸದ ಹಂಚಿಕೆ ಅದೇ, ಬೆರಳು ಮಾತ್ರ ಬೇರೆ. ವೀಣೆ ಕಲಿತವರು ನನ್ನ ಹತ್ತಿರ ಗಿಟಾರಿಗೆ ಬಂದರೆ ಈ ಪಾಠ ಬೇರೆಯವರಿಗಿಂತ ಬೇಗ ಹಿಡಿಯುತ್ತದೆ, ಎರಡು ಕೆಲಸ ಒಂದೇ ಕೈಯಲ್ಲಿ ಮಾಡುವ ಅಭ್ಯಾಸ ಅವರಿಗೆ ಆಗಲೇ ಇರುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಯಾವ ಗಿಟಾರ್ ಯಾರದ್ದು?

ನೀವು ಗೊಂದಲ ಬೀಳುವುದಕ್ಕೆ ಮುಖ್ಯ ಕಾರಣ, ಎರಡು ಗಿಟಾರ್ ಅಂತ ನೀವು ಅಂದುಕೊಂಡದ್ದು ಎಷ್ಟೋ ಕಡೆ ಒಂದೇ ಗಿಟಾರ್. ಕೆಳಗೆ ತಾಳ ಹಿಡಿದು ನಡೆಯುವುದು ಒಬ್ಬರು, ಮೇಲೆ ಹಾಡುವುದು ಇನ್ನೊಬ್ಬರು ಅಂತ ಕಿವಿ ಹಂಚಿಬಿಡುತ್ತದೆ. ಎರಡೂ ಚೆಟ್ ಇರಬಹುದು. ಹಾಗಾಗಿ ಮೊದಲ ಸಲ ಕೇಳುವಾಗ ಧಾಟಿಯ ಕಡೆ ಗಮನ ಕೊಡಲೇಬೇಡಿ. ಹೆಡ್‌ಫೋನ್ ಹಾಕಿ, ಆ ನಡೆಯುವ ‘ದುಬ್ ದುಬ್’ ಎಲ್ಲಿದೆ ಅಂತ ಮಾತ್ರ ಹುಡುಕಿ. ಅದು ಸಿಕ್ಕರೆ, ಅದರ ಮೇಲೇ ಅಂಟಿಕೊಂಡು ಬರುವ ಧಾಟಿ, ತಾಳದ ಪೆಟ್ಟಿಗೆ ಸರಿಯಾಗಿ ಬೀಳುವ ದುಂಡನೆ ಸ್ವರ, ಅದು ಬಹಳ ಮಟ್ಟಿಗೆ ಚೆಟ್.

ಮಾರ್ಕ್ ಕೈ ಬೇರೆ. ಅವರು ಎಡಚರು, ಆದರೆ ಗಿಟಾರ್ ಹಿಡಿಯುವುದು ಬಲಗೈಯವರ ಹಾಗೆ. ಸಾಮಾನ್ಯವಾಗಿ ಪಿಕ್ ಬಳಸುವುದಿಲ್ಲ. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಗಿಟಾರಿನ ಮೈಮೇಲೆ ಊರಿ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಲ್ಲಿ ತಂತಿಯನ್ನು ಚಿವುಟಿ ಬಿಡುತ್ತಾರೆ. ಬೆರಳ ಚರ್ಮ ತಂತಿಯನ್ನು ಎತ್ತಿ ಬಿಟ್ಟಾಗ ಸ್ವರದ ಶುರುವಿನಲ್ಲಿ ‘ಚಟ್’ ಅಂತ ಒಂದು ಸಣ್ಣ ಸದ್ದು ಬರುತ್ತದೆ, ಆಮೇಲೆ ಸ್ವರ ಅರಳುತ್ತದೆ. ಆ ‘ಚಟ್’ ಅವರ ಸಹಿ. ಎರಡನೇ ಗುರುತು ಸ್ವರ ಬೀಳುವ ಸಮಯ. ಅವರ ಸ್ವರ ತಾಳಕ್ಕಿಂತ ಒಂದು ಕೂದಲೆಳೆ ತಡವಾಗಿ ಬರುತ್ತದೆ, ಮಾತಾಡುವವನು ಯೋಚಿಸಿ ಬಾಯಿ ತೆರೆದ ಹಾಗೆ. ಮೂರನೇದು, ತಂತಿಯನ್ನು ಎಳೆಯುವುದು. ಮಾರ್ಕ್ ತಂತಿಯನ್ನು ಬಗ್ಗಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಹತ್ತಿಸುತ್ತಾರೆ, ಒಂದು ವಾಕ್ಯ ನುಡಿಸಿ ಸುಮ್ಮನಾಗುತ್ತಾರೆ. ಚೆಟ್ ತಂತಿ ಎಳೆಯುವುದು ಕಡಿಮೆ, ಸುಮ್ಮನಿರುವುದೂ ಕಡಿಮೆ, ಅವರ ಹೆಬ್ಬೆರಳು ಸುಮ್ಮನಿರಲು ಬಿಡುವುದಿಲ್ಲ.

ಇನ್ನೊಂದು ಸುಳಿವು ವಾದ್ಯದ್ದೇ. ಚೆಟ್ ಗಿಬ್ಸನ್ ಕಂಪನಿಯ ಜೊತೆ ಸೇರಿ 1982ರಲ್ಲಿ ತಮ್ಮ ಹೆಸರಿನ ಒಂದು ಗಿಟಾರ್ ತಂದಿದ್ದರು. ನೈಲಾನ್ ತಂತಿ, ಆದರೆ ಒಳಗೆ ಟೊಳ್ಳಿನ ದೊಡ್ಡ ಡಬ್ಬ ಇಲ್ಲ. ಟೊಳ್ಳಿದ್ದರೆ ಸದ್ದು ಜೋರು ಮಾಡಿದಾಗ ಸ್ಪೀಕರ್‌ನಿಂದ ವಾಪಸ್ ಬಂದು ಗುಂಯ್‌ಗುಡುತ್ತದೆ, ಅದನ್ನು ತಪ್ಪಿಸಲು ಹೀಗೆ. ಎಂಬತ್ತರ ದಶಕದ ಮೇಲೆ ಅವರ ಮೆತ್ತನೆ ರೆಕಾರ್ಡುಗಳಲ್ಲಿ ನೈಲಾನಿನ ಆ ಬೆಚ್ಚನೆ ನಾದ ಜಾಸ್ತಿ ಕೇಳುತ್ತದೆ. ಉಕ್ಕಿನ ತಂತಿಯ ಚಟ್, ನೈಲಾನಿನ ಮೆತ್ತನೆ ಪೆಟ್ಟು, ಇವೆರಡರ ವ್ಯತ್ಯಾಸ ಕಿವಿಗೆ ಒಮ್ಮೆ ಹತ್ತಿದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಎರಡನೇ ಪ್ರಶ್ನೆ. ಇದು ಕಂಟ್ರಿ ಹೇಗೆ?

ಹಾಡುಗಳ ಪಟ್ಟಿ ನೋಡಿದರೆ ನಿಮ್ಮ ಅನುಮಾನ ನ್ಯಾಯವಾದದ್ದೇ. ‘ಟಿಯರ್ಸ್’ ಅನ್ನುವುದು ಜ್ಯಾಂಗೊ ರೈನ್‌ಹಾರ್ಟ್ ಮತ್ತು ಸ್ಟೆಫಾನ್ ಗ್ರಾಪೆಲ್ಲಿ ಸೇರಿ ಕಟ್ಟಿದ್ದು, ಪ್ಯಾರಿಸ್ಸಿನ ಜಾಜ್. ‘ಐ ವಿಲ್ ಸೀ ಯು ಇನ್ ಮೈ ಡ್ರೀಮ್ಸ್’ 1924ರ ಹಾಡು, ಚೆಟ್ ಹುಟ್ಟಿದ ವರ್ಷದ್ದೇ, ಅದೂ ಹಳ್ಳಿಯ ಹಾಡಲ್ಲ, ನಗರದ ಡ್ಯಾನ್ಸ್ ಬ್ಯಾಂಡುಗಳದ್ದು. ಮೊದಲ ಹಾಡು ‘ಪೂರ್ ಬಾಯ್ ಬ್ಲೂಸ್’ ಬರೆದ ಪಾಲ್ ಕೆನರ್ಲಿ ಇಂಗ್ಲೆಂಡಿನವರು. ‘ಟಹೀಶಿಯನ್ ಸ್ಕೈಸ್’ ಕಟ್ಟಿದ ರೇ ಫ್ಲ್ಯಾಕ್ ಕೂಡ ಇಂಗ್ಲೆಂಡಿನ ಗಿಟಾರಿಗ. ನುಡಿಸಿದವರಲ್ಲಿ ಡೈರ್ ಸ್ಟ್ರೇಟ್ಸ್‌ನ ಗೈ ಫ್ಲೆಚರ್ ಇದ್ದಾರೆ, ನಿರ್ಮಾಪಕ ಮಾರ್ಕ್ ಸ್ವತಃ. ಅಮೆರಿಕದ ಹಳ್ಳಿ ಸಂಗೀತ ಅಂತ ಹೇಳುವ ಆಲ್ಬಮ್ಮಿನ ಅರ್ಧ ಕೆಲಸ ಬ್ರಿಟನ್ನಿನವರ ಕೈಯಲ್ಲಾಗಿದೆ.

ಇದು ನನಗೆ ಬಹಳ ಇಷ್ಟದ ವಿಷಯ, ಯಾಕೆಂದರೆ ಕಂಟ್ರಿ ಸಂಗೀತ ಯಾವತ್ತೂ ಒಂದೇ ಮನೆಯದ್ದಾಗಿರಲಿಲ್ಲ. ಬ್ರಿಟನ್ನಿನಿಂದ ಹೋದವರ ಕಥನಗೀತೆ ಮತ್ತು ಫಿಡಲ್ (ಹಳ್ಳಿ ಶೈಲಿಯಲ್ಲಿ ನುಡಿಸುವ ವಯೊಲಿನ್), ಕಪ್ಪು ಜನರ ಬ್ಲೂಸ್ ಮತ್ತು ಆಫ್ರಿಕಾದ ಮೂಲದ ಬ್ಯಾಂಜೊ, ಚರ್ಚಿನ ಹಾಡು, ಹವಾಯಿಯ ಜಾರು ಗಿಟಾರ್, ಎಲ್ಲ ಸೇರಿ ಆದದ್ದು. 1927ರಲ್ಲಿ ಟೆನೆಸಿಯ ಬ್ರಿಸ್ಟಲ್ ಊರಿಗೆ ರಾಲ್ಫ್ ಪಿಯರ್ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಹೋಗಿ ಜಿಮ್ಮಿ ರಾಜರ್ಸ್, ಕಾರ್ಟರ್ ಕುಟುಂಬದವರ ಹಾಡುಗಳನ್ನು ಮುದ್ರಿಸಿದ ಮೇಲೆ ಅದು ವ್ಯಾಪಾರವಾಯಿತು. ಆ ಕಾರ್ಟರ್ ಕುಟುಂಬದ ಮೇಬೆಲ್ ಕಾರ್ಟರ್ ಕೂಡ ಹೆಬ್ಬೆರಳಿನ ಕಲಾವಿದೆಯೇ. ಆಕೆಯದು ಉಲ್ಟಾ, ಹೆಬ್ಬೆರಳಲ್ಲಿ ದಪ್ಪ ತಂತಿಯ ಮೇಲೆ ಧಾಟಿ, ಬೆರಳಲ್ಲಿ ತೆಳು ತಂತಿಗಳ ಮೇಲೆ ತಾಳ.

ಹಾಗಾಗಿ ನನ್ನ ಮಟ್ಟಿಗೆ ಒಂದು ತುಣುಕು ಕಂಟ್ರಿಯೋ ಅಲ್ಲವೋ ಅನ್ನುವುದನ್ನು ಹಾಡಿನ ಜನ್ಮಪತ್ರ ಹೇಳುವುದಿಲ್ಲ, ನುಡಿಸುವ ಕೈ ಹೇಳುತ್ತದೆ. ಪ್ಯಾರಿಸ್ಸಿನ ಜಾಜನ್ನು ಮ್ಯೂಲೆನ್‌ಬರ್ಗಿನ ಹೆಬ್ಬೆರಳಲ್ಲಿ ನುಡಿಸಿದರೆ ಅದು ಆ ಕಡೆಯ ಮಣ್ಣಿನ ವಾಸನೆ ಹಿಡಿದೇ ಬರುತ್ತದೆ.

ಜೊತೆಗೆ ಸುತ್ತ ಕೂತವರನ್ನು ನೋಡಿ. ಪೆಡಲ್ ಸ್ಟೀಲ್‌ನಲ್ಲಿ ಪಾಲ್ ಫ್ರಾಂಕ್ಲಿನ್, ಫಿಡಲ್‌ನಲ್ಲಿ ಮಾರ್ಕ್ ಒ’ಕಾನರ್, ಡ್ರಮ್ಸ್‌ನಲ್ಲಿ ಲ್ಯಾರಿ ಲಂಡಿನ್. ಪೆಡಲ್ ಸ್ಟೀಲ್ ಅಂದರೆ ಮೇಜಿನ ಹಾಗೆ ಮುಂದಿಟ್ಟುಕೊಂಡು, ಎಡಗೈಯಲ್ಲಿ ಉಕ್ಕಿನ ಸಲಾಕೆ ಜಾರಿಸುತ್ತಾ, ಕಾಲು ಮತ್ತು ಮೊಣಕಾಲಲ್ಲಿ ತಂತಿಯ ಬಿಗಿ ಬದಲಿಸುತ್ತಾ ನುಡಿಸುವ ವಾದ್ಯ, ಆ ಅಳುವಂತೆ ಜಾರುವ ನಾದ ಅದರದ್ದು. ಇಲ್ಲೊಂದು ಕಥೆ ಇದೆ. ಐವತ್ತರ ದಶಕದ ಕೊನೆಯಲ್ಲಿ ಚೆಟ್ ಆರ್.ಸಿ.ಎ. ಅನ್ನುವ ರೆಕಾರ್ಡ್ ಕಂಪನಿಯ, ಟೆನೆಸಿಯ ನ್ಯಾಶ್‌ವಿಲ್ ಊರಿನ ಶಾಖೆ ನೋಡಿಕೊಳ್ಳುತ್ತಿದ್ದರು. ರಾಕ್ ಅಂಡ್ ರೋಲ್ ಬಂದು ಕಂಟ್ರಿ ಮಾರಾಟ ಬಿದ್ದುಹೋಗಿತ್ತು. ಆಗ ಅವರೂ ಇನ್ನು ಕೆಲವರೂ ಸೇರಿ ರೆಕಾರ್ಡುಗಳಿಂದ ಫಿಡಲ್, ಸ್ಟೀಲ್ ಎರಡನ್ನೂ ಹಿಂದೆ ಸರಿಸಿ, ವಯೊಲಿನ್ ಗುಂಪು, ಮೆತ್ತನೆ ಹಿನ್ನೆಲೆ ಗಾಯನ ತಂದರು. ಅದಕ್ಕೆ ‘ನ್ಯಾಶ್‌ವಿಲ್ ಸೌಂಡ್’ ಅಂತ ಹೆಸರು ಬಿತ್ತು. ಆ ಸೌಂಡ್ ಅಂದರೆ ಏನು ಅಂತ ಕೇಳಿದವರಿಗೆ ಚೆಟ್ ಜೇಬಿನ ಚಿಲ್ಲರೆ ಅಲ್ಲಾಡಿಸಿ ತೋರಿಸುತ್ತಿದ್ದರು ಅನ್ನುವ ಮಾತು ಬಹಳ ಪ್ರಸಿದ್ಧ. ಕಂಟ್ರಿಯನ್ನು ಉಳಿಸಿದ್ದಕ್ಕೆ ಹೊಗಳಿಸಿಕೊಂಡರು, ಹಾಳು ಮಾಡಿದ್ದಕ್ಕೆ ಬೈಸಿಕೊಂಡರು. ಅದೇ ಮನುಷ್ಯ 66ನೇ ವಯಸ್ಸಿನಲ್ಲಿ ಫಿಡಲ್ ಮತ್ತು ಸ್ಟೀಲ್ ಮಧ್ಯೆ ಕೂತು ನುಡಿಸುತ್ತಿದ್ದಾರೆ! ಅದರಲ್ಲೂ ‘ಜಸ್ಟ್ ಒನ್ ಟೈಮ್’ ಕೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಅದು ಗಾಯಕ ಡಾನ್ ಗಿಬ್ಸನ್ ಹಾಡು, 1960ರಲ್ಲಿ ಅದರ ಮೂಲ ರೆಕಾರ್ಡ್ ನಿರ್ಮಿಸಿದವರು ಇದೇ ಚೆಟ್. ಮೂವತ್ತು ವರ್ಷದ ಮೇಲೆ, ಸ್ಟುಡಿಯೊ ಗಾಜಿನ ಈ ಕಡೆ, ನುಡಿಸುವವರ ಕಡೆ ಬಂದು, ಅದೇ ಹಾಡನ್ನು ಹಾಡುತ್ತಾ ನುಡಿಸಿದ್ದಾರೆ.

ಮಾರ್ಕ್ ಕಡೆಯಿಂದಲೂ ಇದು ಒಂದು ಸಲದ ಪ್ರವಾಸ ಅಲ್ಲ. ಅದೇ 1990ರಲ್ಲಿ ‘ನಾಟಿಂಗ್ ಹಿಲ್‌ಬಿಲ್ಲೀಸ್’ ಅನ್ನುವ ಗೆಳೆಯರ ಗುಂಪಿನ ಜೊತೆ ಹಳೆಯ ಕಂಟ್ರಿ ಮತ್ತು ಬ್ಲೂಸ್ ಹಾಡುಗಳ ಆಲ್ಬಮ್ ತಂದಿದ್ದರು. 1991ರಲ್ಲಿ ಡೈರ್ ಸ್ಟ್ರೇಟ್ಸ್‌ನ ಕೊನೆಯ ಸ್ಟುಡಿಯೊ ಆಲ್ಬಮ್ ಬಂದಾಗ ಪಾಲ್ ಫ್ರಾಂಕ್ಲಿನ್ ಅವರ ಪೆಡಲ್ ಸ್ಟೀಲ್ ಅಲ್ಲೂ ಇತ್ತು, ಪ್ರವಾಸಕ್ಕೂ ಹೋಯಿತು. ನೀವು ಡೈರ್ ಸ್ಟ್ರೇಟ್ಸ್ ಅಭಿಮಾನಿ ಅಂದಿರಿ, ಆ ಆಲ್ಬಮ್ಮನ್ನು ಇದರ ನಂತರ ಮತ್ತೆ ಕೇಳಿ ನೋಡಿ, ಬೇರೆಯೇ ಕೇಳಿಸುತ್ತದೆ.

ಈಗ ‘ಸಪ್ಪೆ’.

ಈ ಮಾತಿಗೆ ನನಗೆ ಸ್ವಲ್ಪ ಬೇಜಾರಾಯಿತು, ಆದರೆ ಯಾಕೆ ಹಾಗನಿಸಿತು ಅಂತ ಗೊತ್ತು. ತಪ್ಪು ಸ್ವಲ್ಪ ಹೆಸರಿನದ್ದೂ ಇದೆ. ಕುದುರೆ ಪಂದ್ಯದಲ್ಲಿ ಎರಡು ಕುದುರೆಗಳ ಕತ್ತು ಸಮಸಮವಾಗಿ ಓಡಿದರೆ ‘ನೆಕ್ ಆಂಡ್ ನೆಕ್’ ಅನ್ನುತ್ತಾರೆ, ಗಿಟಾರಿನ ಉದ್ದ ಭಾಗಕ್ಕೂ ನೆಕ್ ಅಂತಲೇ ಹೆಸರು, ಎರಡನ್ನೂ ಸೇರಿಸಿ ಇಟ್ಟ ಹೆಸರದು. ಪಂದ್ಯ ಅಂತ ಓದಿಕೊಂಡು ಹೋದರೆ ಪಂದ್ಯ ಸಿಗುವುದಿಲ್ಲ. ಜುಗಲ್‌ಬಂದಿ ಕೇಳಿ ಬೆಳೆದ ನಮಗೆ ಇಬ್ಬರು ಕೂತರೆ ಕೊನೆಗೆ ಸವಾಲ್ ಜವಾಬ್ ಬರಲೇಬೇಕು, ವೇಗ ಏರಲೇಬೇಕು, ಚಪ್ಪಾಳೆ ಬೀಳಲೇಬೇಕು. ಇಲ್ಲಿ ಅದು ಇಲ್ಲ.

ಅದರ ಬದಲು ಏನಿದೆ ಅಂದರೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಏನು ಮಾಡುತ್ತಿದ್ದಾರೆ ಅನ್ನುವುದು. ಒಂದು ಸಲ ಪೂರ್ತಿ ಆಲ್ಬಮ್ಮನ್ನು ಹಾಗೆ ಕೇಳಿ, ಮುಂದಿರುವ ಗಿಟಾರನ್ನು ಬಿಟ್ಟು ಹಿಂದಿರುವುದನ್ನು ಮಾತ್ರ. ಮಾರ್ಕ್ ಒಂದು ಸಾಲು ನುಡಿಸಿ ನಿಂತ ಆ ಖಾಲಿ ಜಾಗವನ್ನು ಚೆಟ್ ತುಂಬಿಬಿಡಬಹುದಿತ್ತು, ಅವರ ಕೈಗೆ ಅದು ಯಾವ ಲೆಕ್ಕವೂ ಅಲ್ಲ, ಆದರೆ ಅಲ್ಲಿ ಎರಡೇ ಸ್ವರ ಇಟ್ಟು ಬಿಡುತ್ತಾರೆ. ಚೆಟ್ ಧಾಟಿ ಹಿಡಿದಾಗ ಮಾರ್ಕ್ ತಮ್ಮ ‘ಚಟ್’ ಅನ್ನೇ ಮೆತ್ತಗೆ ಮಾಡಿಕೊಳ್ಳುತ್ತಾರೆ. ಸ್ಟೇಡಿಯಂಗಳಲ್ಲಿ ನುಡಿಸಿದ ಮನುಷ್ಯ, ತನ್ನದೇ ನಿರ್ಮಾಣದ ಆಲ್ಬಮ್ಮಿನಲ್ಲಿ, ತನ್ನ ಸದ್ದು ಇಳಿಸಿಕೊಂಡಿದ್ದಾರೆ. ಐದು ವರ್ಷದ ಪರಿಚಯ ಬೇಕು ಅಂದೆನಲ್ಲ, ಅದು ಇದಕ್ಕೇ. ಪೈಪೋಟಿಗೆ ಪರಿಚಯ ಬೇಕಾಗಿಲ್ಲ.

‘ದೇರ್ ವಿಲ್ ಬಿ ಸಮ್ ಚೇಂಜಸ್ ಮೇಡ್’ ಅನ್ನುವ ಹಳೆಯ ಹಾಡಿನಲ್ಲಿ ಇಬ್ಬರೂ ಸರದಿಯಲ್ಲಿ ಹಾಡುತ್ತಾ, ಮಧ್ಯೆ ಮಧ್ಯೆ ಮಾತಾಡುತ್ತಾ, ಒಬ್ಬರನ್ನೊಬ್ಬರು ಕಾಲೆಳೆಯುತ್ತಾರೆ. ಅದನ್ನು ತಮಾಷೆಗೆ ಮಾತ್ರ ಕೇಳಿ ಬಿಡಬೇಡಿ. ಮಾತಿನಲ್ಲಿ ಹೇಗೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುತ್ತಾರೋ, ಗಿಟಾರಿನಲ್ಲೂ ಹಾಗೇ. ವೇಗ ಬೇಕು ಅಂದರೆ ‘ಯಾಕಿಟಿ ಆಕ್ಸ್’ ಇದೆ, 1965ರಲ್ಲಿ ಚೆಟ್ ಒಬ್ಬರೇ ನುಡಿಸಿ ಗೆಲ್ಲಿಸಿದ್ದ ತುಣುಕು, ಮೂಲದಲ್ಲಿ ಸ್ಯಾಕ್ಸೊಫೋನಿನದ್ದು. ಆದರೆ 1991ರಲ್ಲಿ ಈ ಆಲ್ಬಮ್ಮಿಗೆ ಬಂದ ಎರಡು ಗ್ರ್ಯಾಮಿಗಳಲ್ಲಿ ವಾದನಕ್ಕೆ ಬಂದದ್ದು ವೇಗದ ತುಣುಕಿಗಲ್ಲ, ‘ಸೋ ಸಾಫ್ಟ್, ಯುವರ್ ಗುಡ್‌ಬೈ’ಗೆ. ಮಾತಿಲ್ಲ, ಅವಸರ ಇಲ್ಲ. ಇನ್ನೊಂದು ‘ಪೂರ್ ಬಾಯ್ ಬ್ಲೂಸ್’ಗೆ, ಇಬ್ಬರೂ ಸೇರಿ ಹಾಡಿದ್ದಕ್ಕೆ. ಚೆಟ್ ದೊಡ್ಡ ಗಾಯಕರೇನಲ್ಲ, ಮಾರ್ಕ್ ದನಿಯೂ ಅರ್ಧ ಮಾತು, ಅರ್ಧ ಹಾಡು. ಎರಡೂ ಸೇರಿದಾಗ ಜಗಲಿಯಲ್ಲಿ ಕೂತು ಹಾಡಿಕೊಂಡ ಹಾಗಿದೆ.

ನಿಮ್ಮ ಕೊನೆಯ ಪ್ರಶ್ನೆ, ನೀವಿಬ್ಬರು ಎಲ್ಲಿಂದ ಶುರು ಮಾಡಬೇಕು?

ನಾನು ಈ ಆಲ್ಬಮ್ಮನ್ನು ಮೊದಲು ಕೇಳಿದ್ದು ತೊಂಬತ್ತರ ದಶಕದಲ್ಲಿ, ಮೈಸೂರಿನಲ್ಲಿ, ಗೆಳೆಯನೊಬ್ಬ ಕಾಪಿ ಮಾಡಿ ಕೊಟ್ಟ ಕ್ಯಾಸೆಟ್‌ನಲ್ಲಿ. ಮೇಲೆ ಪೆನ್ಸಿಲ್‌ನಲ್ಲಿ ಇಬ್ಬರ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಅವನೂ ನಾನೂ ಸೇರಿ ನುಡಿಸಲು ಕೂತೆವು. ತಿಂಗಳುಗಟ್ಟಲೆ ಕೆಟ್ಟದಾಗಿ ಕೇಳಿಸಿತು. ಇಬ್ಬರೂ ಸರಿಯಾಗೇ ನುಡಿಸುತ್ತಿದ್ದೆವು, ತಾಳವೂ ಸರಿ ಇತ್ತು, ಆದರೂ ಕೆಸರು ಕಲಸಿದ ಹಾಗೆ. ಒಂದು ಸಂಜೆ ಅವನ ಹೆಬ್ಬೆರಳಿಗೆ ಏನೋ ಪೆಟ್ಟಾಗಿ ಬರೀ ಬೆರಳಲ್ಲಿ ತೆಳು ತಂತಿ ನುಡಿಸಿದ. ತಕ್ಷಣ ಎಲ್ಲ ತಿಳಿಯಾಯಿತು. ಅಲ್ಲಿಯವರೆಗೂ ಇಬ್ಬರ ಹೆಬ್ಬೆರಳೂ ಒಟ್ಟಿಗೆ ನಡೆಯುತ್ತಿತ್ತು. ದಪ್ಪ ತಂತಿಗಳ ಎರಡು ಸಾಲು ಒಂದರ ಮೇಲೊಂದು ಬಿದ್ದರೆ ಕಿವಿಗೆ ಏನೂ ಬಿಡಿಸಿಕೊಳ್ಳಲು ಆಗುವುದಿಲ್ಲ.

ಹಾಗಾಗಿ ಇಬ್ಬರಿಗೂ ಒಂದೇ ನಿಯಮ: ಒಂದು ಹೊತ್ತಿಗೆ ಒಂದೇ ಹೆಬ್ಬೆರಳು ನಡೆಯಬೇಕು.

ಮೊದಲ ಎರಡು ವಾರ ಇಬ್ಬರೂ ಬೇರೆ ಬೇರೆಯಾಗಿ ಹೆಬ್ಬೆರಳು ಮಾತ್ರ ಅಭ್ಯಾಸ ಮಾಡಿ. ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಡಿ, ಸಿ ಕಾರ್ಡ್, ಐದು ನಾಲ್ಕು ಐದು ನಾಲ್ಕು. ಆಮೇಲೆ ಜಿ ಕಾರ್ಡ್, ಅಲ್ಲಿ ಆರನೇ ತಂತಿ ಮತ್ತು ನಾಲ್ಕು. ಟಿವಿ ನೋಡುತ್ತಾ, ಮಾತಾಡುತ್ತಾ ಮಾಡಿ. ಯಾರೋ ಹೆಸರು ಕರೆದಾಗ ‘ಏನು’ ಅಂತ ಉತ್ತರ ಕೊಟ್ಟರೂ ಹೆಬ್ಬೆರಳು ನಿಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಈ ಹಂತ ಹಾರಿಸಿದವರು ನನ್ನ ಹತ್ತಿರ ಒಂದು ವರ್ಷದ ಮೇಲೆ ವಾಪಸ್ ಬಂದು ಇಲ್ಲಿಂದಲೇ ಶುರು ಮಾಡಿದ್ದಾರೆ.

ಆಮೇಲೆ ಇಬ್ಬರೂ ಕೂತುಕೊಳ್ಳಿ. ಒಬ್ಬರು ಕೆಳಗೆ, ಮೊದಲ ಮೂರು ಮನೆಗಳಲ್ಲಿ ಸಿ ಕಾರ್ಡ್ ಹಿಡಿದು ಹೆಬ್ಬೆರಳು ನಡೆಸಲಿ. ಇನ್ನೊಬ್ಬರು ಐದನೇ ಮನೆಗೆ ಕೇಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಕಾರ್ಡಿನ ಆಕಾರ ಹಿಡಿಯಲಿ, ಕೇಳಿಸುವುದು ಸಿ ಕಾರ್ಡೇ, ಆದರೆ ಬೇರೆ ಎತ್ತರದಲ್ಲಿ. ಎರಡು ಗಿಟಾರ್ ಒಂದೇ ಜಾಗದಲ್ಲಿ ಗುದ್ದಾಡುವುದು ನಿಲ್ಲುತ್ತದೆ. ಮೇಲಿರುವವರು ಹೆಬ್ಬೆರಳು ಮುಟ್ಟದೆ ತೆಳು ತಂತಿಗಳಲ್ಲಿ ಧಾಟಿ ನುಡಿಸಲಿ. ಹದಿನಾರು ಬಾರ್ (ತಾಳದ ಸುತ್ತು) ಆದ ಮೇಲೆ ಕೆಲಸ ಬದಲಾಯಿಸಿ. ಬದಲಾಯಿಸುವ ಆ ಒಂದು ಬಾರ್ ಬಹಳ ಕಷ್ಟ, ಒಂದು ಹೆಬ್ಬೆರಳು ನಿಲ್ಲುವುದಕ್ಕೂ ಇನ್ನೊಂದು ಎದ್ದು ನಡೆಯುವುದಕ್ಕೂ ಮಧ್ಯೆ ತಾಳ ಬೀಳಬಾರದು. ಅದೊಂದನ್ನೇ ನೂರು ಸಲ ಮಾಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳುವಾಗ, ನೀವು ಧಾಟಿ ನುಡಿಸಿದ ಜಾಗ ಬಿಟ್ಟು, ಗೆಳೆಯ ಧಾಟಿ ನುಡಿಸುವಾಗ ನೀವು ಏನು ಮಾಡುತ್ತಿದ್ದಿರಿ ಅನ್ನುವುದನ್ನು ಕೇಳಿಸಿಕೊಳ್ಳಿ.

ಇಷ್ಟು ಹಿಡಿಸಿದರೆ ಇದೇ ಜಾತಿಯ ಬೇರೆ ಆಲ್ಬಮ್‌ಗಳೂ ಇವೆ, ಚೆಟ್ ಜೀವನಪೂರ್ತಿ ಈ ಜೋಡಿ ಆಟ ಆಡಿದವರು. ಜೆರ್ರಿ ರೀಡ್ ಜೊತೆ 1970ರಲ್ಲಿ ‘ಮಿ ಅಂಡ್ ಜೆರ್ರಿ’, ಡಾಕ್ ವಾಟ್ಸನ್ ಜೊತೆ 1980ರಲ್ಲಿ, ಆಸ್ಟ್ರೇಲಿಯಾದ ಟಾಮಿ ಇಮ್ಯಾನುಯೆಲ್ ಜೊತೆ 1997ರಲ್ಲಿ. ಪೈಪೋಟಿ ಬೇಕೇ ಬೇಕು ಅಂದರೆ 1976ರ ‘ಚೆಸ್ಟರ್ ಅಂಡ್ ಲೆಸ್ಟರ್’ ಕೇಳಿ. ಲೆಸ್ಟರ್ ಅಂದರೆ ಲೆಸ್ ಪಾಲ್, ಟೊಳ್ಳಿಲ್ಲದ ಸಾಲಿಡ್ ಗಿಟಾರ್, ಒಂದರ ಮೇಲೊಂದು ಪದರ ಹಾಕುವ ರೆಕಾರ್ಡಿಂಗ್, ಎರಡರಲ್ಲೂ ದಾರಿ ತೋರಿಸಿದವರು. 1948ರಲ್ಲಿ ಕಾರು ಅಪಘಾತದಲ್ಲಿ ಬಲಗೈ ಮೊಣಕೈ ನುಚ್ಚುನೂರಾದಾಗ, ಇನ್ನು ಮಡಚಲು ಆಗುವುದಿಲ್ಲ ಅಂತ ಗೊತ್ತಾಗಿ, ಗಿಟಾರ್ ಹಿಡಿಯುವ ಕೋನದಲ್ಲೇ ಕೂಡಿಸಿ ಅಂತ ವೈದ್ಯರಿಗೆ ಹೇಳಿದವರು. ಅವರದು ಪಿಕ್, ಚುರುಕು, ಮಾತು ಕೂಡ ಜೋರು. ಸ್ಟುಡಿಯೊದಲ್ಲಿ ಎದುರುಬದುರು ಕೂತು ನುಡಿಸಿದ್ದು, ಮಧ್ಯದ ಹರಟೆ, ನಗು ಎಲ್ಲ ಹಾಗೇ ಬಿಟ್ಟಿದ್ದಾರೆ. ಚೆಟ್ ಅವರ ಮಲಅಣ್ಣ ಜಿಮ್ ಆಟ್ಕಿನ್ಸ್ ಮೂವತ್ತರ ದಶಕದಲ್ಲೇ ಲೆಸ್ ಪಾಲ್ ತಂಡದಲ್ಲಿ ತಾಳದ ಗಿಟಾರ್ ನುಡಿಸುತ್ತಿದ್ದರು, ಹಾಗಾಗಿ ಆ ಸಲುಗೆ.

ಆದರೆ ನೀವು ಒಂದೇ ಒಂದು ಕೇಳುವುದಾದರೆ 1974ರ ‘ದಿ ಆಟ್ಕಿನ್ಸ್-ಟ್ರಾವಿಸ್ ಟ್ರಾವೆಲಿಂಗ್ ಶೋ’ ಕೇಳಿ ಅನ್ನುತ್ತೇನೆ. ರೇಡಿಯೊದಲ್ಲಿ ಯಾರ ಕೈ ಕಾಣದೆ ಆ ಹುಡುಗ ತಪ್ಪು ಊಹೆ ಮಾಡಿದ್ದನೋ, ಆ ಮರ್ಲ್ ಟ್ರಾವಿಸ್ ಪಕ್ಕದಲ್ಲೇ ಕೂತಿದ್ದಾರೆ. ಚೆಟ್ ಅಷ್ಟರಲ್ಲಿ ಮಗಳಿಗೆ ಮರ್ಲ್ ಅಂತಲೇ ಹೆಸರಿಟ್ಟಾಗಿತ್ತು. ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ. ಒಂದು ಗಿಟಾರಿನಲ್ಲಿ ಹೆಬ್ಬೆರಳು ಮತ್ತು ಒಂದೇ ಬೆರಳು, ಇನ್ನೊಂದರಲ್ಲಿ ಹೆಬ್ಬೆರಳು ಮತ್ತು ಮೂರು ಬೆರಳು. ಯಾವುದು ಯಾರದ್ದು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ನನಗೆ ಕಳಿಸಿ.